ಇಲಿಯ ಬಿಲದ ಜೋಳ

ತೇವಕ್ಕೆ ಕೆಟ್ಟ ಬೆಳ್ಳುಳ್ಳಿಯ ವಾಸನೆ ಬಂದರೆ ಇಂದಿಗೂ ನಾನು ಅಡುಗೆಮನೆ ಬಿಟ್ಟು ಅಂಗಳಕ್ಕೆ ಬಂದುಬಿಡುತ್ತೇನೆ. ಮನೆಯವರು ಇದನ್ನು ಮುದುಕಿಯ ಹಟಗಳಲ್ಲಿ ಒಂದೆಂದು ಎಣಿಸಿ ಸುಮ್ಮನಾಗಿದ್ದಾರೆ. ನಾನೂ ಕಾರಣ ಹೇಳಿದವಳಲ್ಲ. ಕಳೆದ ಮಳೆಗಾಲದಲ್ಲಿ ಬುಟ್ಟಿಯ ತಳದಲ್ಲಿ ಹೀಗೆ ಕಪ್ಪಾದ ನಾಲ್ಕು ಗಡ್ಡೆ ಕೈಗೆ ತಗುಲಿದಾಗ ಬಸವಕಲ್ಯಾಣದ ಈ ಸಿಮೆಂಟಿನ ಮನೆ ಕಣ್ಣೆದುರಿನಿಂದ ಸರಿದು, ಹುಮನಾಬಾದಿನಿಂದ ಘಾಟಬೋರಾಳದ ಕಡೆ ಹೋಗುವ ದಾರಿಯ ಪಕ್ಕದ ನನ್ನ ತವರೂರಿನ ಕಲ್ಲಿನ ವಾಡೆ ಎದ್ದು ನಿಂತಿತು. ಬೇಸಿಗೆಯಲ್ಲೂ ತಂಪು ಬಿಡದ ಪಡಸಾಲೆ, ಅಂಗಳದ ನೆಲದಡಿಯಲ್ಲಿ ಜೋಳ ತುಂಬಿಡುತ್ತಿದ್ದ ಆಳವಾದ ಹಗೇವು, ಅದರ ಬಾಯಿ ತೆರೆದ ದಿನ ಮೇಲೇಳುತ್ತಿದ್ದ ಬೆಚ್ಚನೆಯ ಹುಳಿಯುಸಿರು, ದನಗಳ ಕೊರಳ ಗಂಟೆ, ಹಿತ್ತಲಿಗೆ ಆತುಕೊಂಡಿದ್ದ ಮುರುಕು ಬುರುಜು. ಆ ಬುರುಜಿನ ಸಂದಿನಲ್ಲಿ ಒಂದು ಜೋಡಿ ಬಿಳಿ ಮುಖದ ಗೂಬೆಗಳಿದ್ದವು. ಹೊತ್ತು ಮುಳುಗುವಾಗ ರೆಕ್ಕೆಯ ಸದ್ದೂ ಇಲ್ಲದೆ ಹೊಲದ ಕಡೆ ತೇಲಿ ಹೋಗುತ್ತಿದ್ದ ಅವುಗಳನ್ನು ಕಂಡರೆ ಅವ್ವ ನಮ್ಮ ಕಣ್ಣು ಮುಚ್ಚುತ್ತಿದ್ದಳು. ಓದುವ ನಿಮಗೂ ಇಂಥದೊಂದು ಮನೆ ಇದ್ದಿರಬೇಕು, ಈಗ ಇರಲಿಕ್ಕಿಲ್ಲ. ಹೋದ ಮನೆಯನ್ನು ನೆನೆಯುವಾಗ ಮನುಷ್ಯ ಅದರ ಕಂಬಗಳನ್ನೆಲ್ಲ ತೊಳೆದು ಎಣ್ಣೆ ಹಚ್ಚಿ ನಿಲ್ಲಿಸುತ್ತಾನೆ. ಅಂಥ ನೆನಪನ್ನು ನಾನು ನಂಬುವುದಿಲ್ಲ. ನನ್ನದನ್ನಂತೂ ಇನ್ನೂ ಕಡಿಮೆ.

ಆ ಮನೆಯ ಯಜಮಾನ ನಮ್ಮ ಮುತ್ಯಾ, ಅಂದರೆ ತಂದೆಯ ತಂದೆ. ನಿಜಾಮನ ಕಾಲದಲ್ಲಿ ಉರ್ದು ಕಲಿತವನು, ಮರಾಠಿಯ ಮೋಡಿ ಅಕ್ಷರವನ್ನೂ ಬಲ್ಲವನು, ತಹಶೀಲಿನ ಎಂಥ ಕಾಗದವನ್ನಾದರೂ ಕನ್ನಡಕವಿಲ್ಲದೆ ಓದಬಲ್ಲವನು. ಆದರೆ ಹೊಸ ರಾಜ್ಯವಾಗಿ ಬೀದರ ಮೈಸೂರಿಗೆ ಸೇರಿದ ಮೇಲೆ ಸರ್ಕಾರದ ಕಾಗದಗಳು ಕನ್ನಡದಲ್ಲಿ ಬರತೊಡಗಿದವು. ಎಪ್ಪತ್ತು ವರ್ಷ ಕನ್ನಡವನ್ನೇ ಆಡಿದ ಮನುಷ್ಯ ಅದರ ಅಕ್ಷರದ ಮುಂದೆ ಕುರುಡನಾದ. ನಾನು ಒಂದನೆಯ ಇಯತ್ತೆಗೆ ಸೇರಿದ್ದು ಅದೇ ವರ್ಷ. ಹೀಗಾಗಿ ಗಂಡುಮಕ್ಕಳೆಲ್ಲ ಉರ್ದುವಿನಲ್ಲೋ ಹೊಲದಲ್ಲೋ ಬೆಳೆದಿದ್ದ ಆ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಆದೆ. ಕಾಗದ ಬಂದ ದಿನ ಮುತ್ಯಾ ನನ್ನನ್ನು ಕಟ್ಟೆಯ ಮೇಲೆ ತನ್ನ ಪಕ್ಕಕ್ಕೆ ಕೂಡಿಸಿಕೊಳ್ಳುತ್ತಿದ್ದ. ಹೆಣ್ಣುಮಕ್ಕಳು ಎಂದೂ ಕೂತ ಜಾಗವಲ್ಲ ಅದು. ಅಪ್ಪನ ತಮ್ಮ ಕಾಕಾ ನನ್ನನ್ನು 'ಮಾಸ್ತರಣಿ' ಎಂದು ಚೇಷ್ಟೆ ಮಾಡುತ್ತಿದ್ದರೂ ನಾನು ಬಾಯಿ ತೆರೆದಾಗ ಸುಮ್ಮನಾಗುತ್ತಿದ್ದ. ಹತ್ತು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಪದವಿ ಯಾವುದಿದ್ದೀತು?

ನಮ್ಮ ದೊಡ್ಡ ಹೊಲದ ಸುಗ್ಗಿ ಮುಗಿದ ಮೇಲೆ ಅದು ಝರಣಮ್ಮನದಾಗುತ್ತಿತ್ತು. ಝರಣಮ್ಮ ಊರ ಹೊರಗಿನ ಓಣಿಯವಳು, ಮಗನನ್ನೂ ಸೊಸೆಯನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡು ಮುಕ್ತಾ ಎಂಬ ಪುಟ್ಟ ಮೊಮ್ಮಗಳನ್ನು ಸಾಕುತ್ತಿದ್ದ ಮುದುಕಿ. ನನ್ನ ಅಜ್ಜಿಯ ವಯಸ್ಸಿನವಳನ್ನು ನಾನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದೆ. ಅವಳು ನನ್ನನ್ನು 'ಸಣ್ಣವ್ವಾ' ಎನ್ನುತ್ತಿದ್ದಳು. ಇಲಿಗಳು ಹೊತ್ತೊಯ್ದು ಬಿಲದಲ್ಲಿ ಕೂಡಿಟ್ಟ ತೆನೆಗಳನ್ನು ಅಗೆದು ತೆಗೆದುಕೊಳ್ಳುವುದು ಅವಳ ಮನೆತನದ ಹಕ್ಕು. ಅದನ್ನು ಯಾರು ಕೊಟ್ಟರೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಇಲ್ಲವೆಂದಿರಲಿಲ್ಲ. ಆ ಕಾಳೇ ಅವರಿಬ್ಬರ ಬೇಸಿಗೆಯ ಊಟ. ಮೃಗಶಿರಾ ಮಳೆ ಬಿದ್ದು ಕೂಲಿ ಶುರುವಾಗುವತನಕ ಬೇರೆ ಆಧಾರವಿರಲಿಲ್ಲ. ನಾನು ಕದ್ದು ಅವಳ ಹಿಂದೆ ಹೋಗುತ್ತಿದ್ದೆ. ಅವಳು ಬಿಲದ ಬಾಯಿಯ ಮಣ್ಣನ್ನು ಬೆರಳಲ್ಲಿ ಉಜ್ಜಿ, ಮೂಸಿ, ಇದು ಹೊಸದು, ಇದರಲ್ಲಿ ಹಾವು ಬಂದು ಉಳಿದಿದೆ, ಇದನ್ನು ಬಿಟ್ಟು ಓಡಿದ್ದಾರೆ ಎಂದು ಹೇಳುತ್ತಿದ್ದಳು. ಅಗೆದಂತೆ ಇಲಿಯ ಮನೆ ತೆರೆದುಕೊಳ್ಳುತ್ತಿತ್ತು: ಮರಿಗಳ ಮೆತ್ತೆ, ಹಿಂದಿನ ಬಾಗಿಲು, ಆಮೇಲೆ ತೆನೆಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ ಕೋಣೆ. ಪ್ರತಿ ಬಿಲದಲ್ಲೂ ಒಂದು ಬೊಗಸೆ ಕಾಳನ್ನು ಬಿಟ್ಟು ಅವಳು ಮತ್ತೆ ಮಣ್ಣು ಮುಚ್ಚುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ ಗುದ್ದಲಿಯ ಮೇಲೆ ಗದ್ದವಿಟ್ಟು ನಕ್ಕಳು.

"ಬೆಳಿ ತಿನ್ನೋದು ಇಲಿ. ಇಲಿಗಿ ತಿನ್ನೋದು ಹಾವ, ಗೂಗಿ, ಮುಂಗಲಿ. ಹಾವಿಗಿ ಮತ್ತ ಮುಂಗಲಿ ತಿಂತದ, ನವಿಲ ತಿಂತದ. ಎಲ್ಲಾರೂ ಸತ್ತ ಮ್ಯಾಲ ಮಣ್ಣು ತಿಂತದ, ಮಣ್ಣಿಗಿ ತಿಂದು ಮತ್ತ ಬೆಳಿ ಬರತದ. ಒಬ್ಬರ ಗಂಗಾಳದಾಗ ಇನ್ನೊಬ್ಬರು ಕೈ ಇಟ್ಟೇ ಇರ್ತಾರ ಸಣ್ಣವ್ವಾ."

"ಮತ್ತ ನೀನು?"

"ನಾ ಇಲಿ ಗಂಗಾಳದಾಗ! ಹಂಗಂತ ಪೂರಾ ಬಳಕೊಂಡ್ರ ಅದ್ರ ಮಕ್ಕಳು ಉಣಬ್ಯಾಡೇನು? ಬರೋ ವರ್ಷ ನನಗ ಕೂಡಿಡೋರು ಯಾರು, ನಿಮ್ಮ ಕಾಕಾ ಏನು?"

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಇಲಿ ಹೆಚ್ಚಾಗಿದ್ದವು. ಎಳ್ಳ ಅಮಾವಾಸ್ಯೆಯ ದಿನ ಎಂದಿನಂತೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆಯ ಕಡುಬು, ಭಜ್ಜಿ, ಅಂಬಲಿಗಳ ಎಡೆ ಮಾಡಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದೆವು. ಕಣ್ಣಿಗೆ ಕಾಣುವ, ಕಾಣದ ಎಲ್ಲ ಜೀವಕ್ಕೂ ಹೊಲದ ಮೇಲೆ ಪಾಲಿದೆ ಎಂದು ಆ ದಿನ ಒಪ್ಪಿಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಅದಾಗಿ ಎಂಟು ದಿನ ಕಳೆದಿರಲಿಲ್ಲ, ಗ್ರಾಮಸೇವಕರು ಒಂದು ಡಬ್ಬಿ ಕಪ್ಪು ಪುಡಿಯನ್ನೂ ಅದನ್ನು ಬಳಸುವ ಬಗೆ ತಿಳಿಸುವ ಮಡಿಕೆ ಕಾಗದವೊಂದನ್ನೂ ಕೊಟ್ಟು, "ಪೂರಾ ಓದಿಸಿ ಕೇಳ್ರಿ, ಆಮ್ಯಾಲ ಡಬ್ಬಿ ತೆಗೀರಿ" ಎಂದು ಹೇಳಿ ಹೋದರು. ಡಬ್ಬಿಯ ಮುಚ್ಚಳದಿಂದಲೇ ಕೆಟ್ಟ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು.

ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ನಾನು ಓದಿದೆ. ಜೋಳಕ್ಕೆ ಎಣ್ಣೆ ಸವರಬೇಕು, ಪುಡಿ ಕಲಸಬೇಕು, ಕೈಗೆ ಬಟ್ಟೆ ಕಟ್ಟಿಕೊಳ್ಳಬೇಕು, ಹೊತ್ತು ಮುಳುಗುವಾಗ ಬಿಲದೊಳಗೆ ಇಡಬೇಕು. ನಡುವೆ 'ಮಿಶ್ರಣ' ಎಂಬ ಶಬ್ದದಲ್ಲಿ ನಾಲಗೆ ತೊಡರಿತು. ಎರಡು ಸಲ ತೊಡರಿತು. "ಮಾಸ್ತರಣಿ ಗಾಡಿ ಕೆಸರಿನ್ಯಾಗ ಸಿಕ್ಕತಲ್ಲೋ!" ಎಂದು ಕಾಕಾ ನಕ್ಕ, ಉಳಿದವರೂ ನಕ್ಕರು. ಕಿವಿ ಬಿಸಿಯಾದವು. ಕಾಗದದ ಕೊನೆಯ ಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು. ಅದರ ಮೊದಲ ಶಬ್ದ 'ಮುನ್ನೆಚ್ಚರಿಕೆ'. ಅದನ್ನು ಕಂಡೊಡನೆ ಮತ್ತೆ ತೊಡರುವೆನೆಂದು ತಿಳಿಯಿತು. ನಾನು ಕಾಗದ ಮಡಚಿ, "ಮುಗೀತ್ರಿ ಮುತ್ಯಾ" ಎಂದೆ.

ಓದಲಿಲ್ಲ, ಆದ್ದರಿಂದ ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಮರುದಿನ ಶಾಲೆಯ ಚೀಲದಲ್ಲಿ ಆ ಕಾಗದವನ್ನು ಒಯ್ದು, ಬೇವಿನ ಮರದ ಕೆಳಗೆ ಒಬ್ಬಳೇ ಕೂತು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಮದ್ದು ಇಟ್ಟ ಹೊಲದ ಬಿಲಗಳಲ್ಲಿ ಸಿಗುವ ಕಾಳನ್ನು ಜನರಾಗಲಿ ಜಾನುವಾರುಗಳಾಗಲಿ ತಿನ್ನಕೂಡದು, ಸತ್ತ ಇಲಿಗಳನ್ನು ಹುಡುಕಿ ಆಳವಾಗಿ ಹೂಳಬೇಕು ಎಂದಿತ್ತು. ಓದಿದೊಡನೆ ಝರಣಮ್ಮನ ಮುಖ ಕಣ್ಣಿಗೆ ಬಂತು. ಆದರೆ ಹೇಳಬೇಕಾದರೆ ನಿನ್ನೆ ಬಿಟ್ಟೆನೆಂದು ಒಪ್ಪಬೇಕು, ಒಪ್ಪಿದರೆ ಕಟ್ಟೆಯಿಂದ ಇಳಿಯಬೇಕು. ಝರಣಮ್ಮ ಆಗ ಊರಲ್ಲಿರಲಿಲ್ಲ. ಮೊಮ್ಮಗಳನ್ನು ಕಟ್ಟಿಕೊಂಡು ನಾರಾಯಣಪುರದ ಕಡೆ ಕಡಲೆ ಕೀಳಲು ಹೋಗಿದ್ದಳು. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಅಂದು ಸಂಜೆಯೇ ಕಾಕಾ ಆಳುಗಳೊಂದಿಗೆ ಹೊಲದ ಬಿಲಬಿಲಕ್ಕೂ ಮದ್ದು ಇಟ್ಟು ಬಂದ.

ಮೂರು ದಿನಕ್ಕೆ ಇಲಿಗಳು ಹಾದಿಗೆ ಬಂದು ಸತ್ತು ಬಿದ್ದವು. ಅವನ್ನು ಹೂಳಬೇಕೆಂದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಆಳುಗಳು ಕೋಲಿನಿಂದ ಬದುವಿಗೆ ಸರಿಸಿದರು. ಮೊದಲು ಸತ್ತದ್ದು ಮನೆಯ ಬೆಕ್ಕು. ಆಮೇಲೆ ಬದುವಿನ ಮುಂಗುಸಿ. ಒಂದು ಬೆಳಿಗ್ಗೆ ಬುರುಜಿನ ಬುಡದಲ್ಲಿ ಗೂಬೆಯೊಂದು ರೆಕ್ಕೆ ಹರಡಿಕೊಂಡು ಮುಖ ನೆಲಕ್ಕೆ ಹಚ್ಚಿ ಬಿದ್ದಿತ್ತು; ಅದರ ಜೊತೆಗಾರ ನಾಲ್ಕು ದಿನ ಕಂಡು ಆಮೇಲೆ ಕಾಣಲಿಲ್ಲ. ಅವ್ವ ಅಪಶಕುನ ತೊಲಗಿತೆಂದು ಹೊಸ್ತಿಲಿಗೆ ನೀರು ಹಾಕಿದಳು. ಆ ವರ್ಷ ತೆನೆ ತುಂಬಿ ಬಂತು, ಮುತ್ಯಾ ಎಲ್ಲರೆದುರು ನನ್ನ ತಲೆ ನೇವರಿಸಿ, "ಕೂಸಿನ ಓದು ಬೆಳಿ ಉಳಿಸ್ತು" ಎಂದ. ಆ ಕೈಯ ಭಾರ ನನಗೆ ಇನ್ನೂ ನೆತ್ತಿಯ ಮೇಲಿದೆ.

ಸುಗ್ಗಿ ಮುಗಿಯುವ ಹೊತ್ತಿಗೆ ಝರಣಮ್ಮ ಮರಳಿ ಬಂದು ಅಂಗಳದ ಅಂಚಿನಲ್ಲಿ ನಿಂತಳು. "ಇಲಿಗಿ ಔಷಧ ಇಟ್ಟೀರಂತ ಕೇಳ್ದೆ ಮಾಲಕ್ರಾ. ನಾ ಬಿಲ ಅಗೀಬಹುದಲ್ರಿ?" ಮುತ್ಯಾ ಹೊಗೆ ಬಿಡುತ್ತ, "ನಿನ್ನ ಹಕ್ಕಿಗಿ ನಾ ಯಾಕ ಬ್ಯಾಡನ್ಲಿ, ಅಗಿ" ಎಂದ. ನಾನು ಕಂಬ ಹಿಡಿದು ಅಲ್ಲೇ ನಿಂತಿದ್ದೆ. ಔಷಧ ಇಟ್ಟು ಎರಡು ತಿಂಗಳಾಯಿತು, ಅದರ ಕಸುವು ಹೋಗಿರಬಹುದು ಎಂದು ಎಲ್ಲಿಯೂ ಬರೆದಿರದ ಒಂದು ಸಮಾಧಾನವನ್ನು ನಾನೇ ಹುಟ್ಟಿಸಿಕೊಂಡೆ. ಮುದುಕಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಬಿಳಿ ಕಾಳಿನ ನಡುವೆ ಮಾಸಿದ ಕಾಳು ಅವಳಿಗೆ ಕಾಣುವಂತಿರಲಿಲ್ಲ. ಹತ್ತು ದಿನ ಅಗೆದಳು. ಹಳೆಯದು ಹೊಸದು ಎಲ್ಲ ಒಂದೇ ರಾಶಿಯಾಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ಸೆರಗಿನಲ್ಲಿ ಐದು ಕೋಳಿಗಳನ್ನು ಹೊತ್ತು ತಂದು ನಮ್ಮ ಕಟ್ಟೆಯ ಮುಂದೆ ಸಾಲಾಗಿ ಮಲಗಿಸಿದಳು. ಅವಳಿಗಿದ್ದದ್ದು ಐದೇ ಕೋಳಿ.

"ಬೀಸಬೇಕಂತ ಕಾಳು ತೊಳದು ಒಣ ಹಾಕಿದ್ನಿರಿ ಮಾಲಕ್ರಾ. ಇವು ಬಂದು ಹೆಕ್ಕಿದ್ವು. ಮುಕ್ತಾ ಹಸಿವಿ ಅಂತ ಅಳಾಕತ್ತಿತ್ತು. ನಾ ಜಲ್ದಿ ಮಾಡಿ ಬೀಸಿದ್ರ ಇಲ್ಲಿ ಕೋಳಿ ಬದಲಿ ಕೂಸಿಗಿ ತಂದು ಮಲಗಸ್ತಿದ್ದೆ."

ಕಾಕಾನಿಗೆ ಸಿಟ್ಟು ಬಂತು. "ಬಿಲದಾಗಿಂದು ತಿನ್ನಂತ ನಿನಗ್ಯಾರ್ ಹೇಳಿದ್ರು?"

"ನಿಮ್ಮ ಮುತ್ಯಾನ ಕಾಲದಿಂದ ಹೇಳ್ಕೋತ ಬಂದಾರ್ರಿ. ಮೊನ್ನಿ ನಿಮ್ಮ ಅಪ್ಪಾರೂ ಹೇಳ್ಯಾರ."

"ನೀ ಸುಮ್ಮಿರೋ," ಎಂದು ಮುತ್ಯಾ ಮಗನನ್ನು ತಡೆದ. ಅವನು ಕಠಿಣ ಮನುಷ್ಯ, ಆದರೆ ತನ್ನದೊಂದು ನ್ಯಾಯವಿದ್ದ ಮನುಷ್ಯ. "ಆ ಕಾಗದದಾಗ ಬಿಲದ ಕಾಳಿನ ಮಾತು ಇತ್ತಂದ್ರ ತಪ್ಪು ನಮ್ದು. ಆಕಿ ಎಷ್ಟು ಚೆಲ್ತಾಳೋ ಅಷ್ಟು ಕಾಳು ಹಗೇವು ತೆಗೆದು ತುಂಬಿಕೊಡ್ತೀನಿ. ಇರಲಿಲ್ಲಂದ್ರ ದೇವರಾಟ, ಅದಕ್ಕ ನಾ ಏನು ಮಾಡ್ಲಿ. ಹೇಳವ್ವಾ, ಇತ್ತೇನು?"

ಝರಣಮ್ಮ ನನ್ನ ಕಡೆ ತಿರುಗಿದಳು. ಪೊರೆ ಬಂದ ಕಣ್ಣು ನನ್ನ ಮುಖವನ್ನು ಹುಡುಕುತ್ತಿತ್ತು. "ನೆನಪ ಮಾಡ್ಕೊಂಡು ಹೇಳ್ ಸಣ್ಣವ್ವಾ. ನಮ್ಮಂಥೋರ ಸುದ್ದಿ ಏನರೆ ಬರದಿದ್ರೇನು ಅದ್ರಾಗ?"

"ಇಲ್ಲ" ಎಂದೆ.

ಅಷ್ಟೇ. ಮುತ್ಯಾ ನಿಟ್ಟುಸಿರು ಬಿಟ್ಟು, ಧರ್ಮಕ್ಕೆಂದು ಒಂದು ಮೊರ ಜೋಳ ತಂದು ಅವಳ ಸೆರಗಿಗೆ ಹಾಕಲು ಹೇಳಿದ. ಹಕ್ಕಾಗಿ ತಲೆಯೆತ್ತಿ ಒಯ್ಯಬೇಕಾದದ್ದನ್ನು ಅವಳು ಭಿಕ್ಷೆಯಾಗಿ ತಲೆ ತಗ್ಗಿಸಿ ಒಯ್ದಳು. ಮನೆಯಲ್ಲಿ ಕೂಸು ಹಸಿದಿತ್ತು. ರಾಶಿಯಲ್ಲಿ ಯಾವುದು ಒಳ್ಳೆಯ ಕಾಳು, ಯಾವುದು ಕೆಟ್ಟದ್ದು ಎಂದು ಬೇರೆ ಮಾಡಲು ಬಾರದೆ ಬೇಸಿಗೆಯ ಊಟವನ್ನೆಲ್ಲ ಹಳ್ಳದ ದಂಡೆಯಲ್ಲಿ ಹೂತುಹಾಕಿದಳಂತೆ. ಯುಗಾದಿಯ ಮೊದಲೇ ಮೊಮ್ಮಗಳನ್ನು ಕರೆದುಕೊಂಡು ರಸ್ತೆಗೆ ಖಡಿಕಲ್ಲು ಒಡೆಯುವವರ ಜೊತೆ ಹೈದರಾಬಾದಿನ ಕಡೆ ಹೊರಟುಹೋದಳು. ಮುಂದೆ ನಮ್ಮ ಹೊಲದ ಬಿಲಗಳನ್ನು ಅಗೆಯಲು ಯಾರೂ ಬರಲಿಲ್ಲ.

ಒಂದು ವರ್ಷ ಕಳೆದು ಅದರ ಮರುವರ್ಷಕ್ಕೆ ಇಲಿಗಳು ಮೊದಲಿಗಿಂತ ಹೆಚ್ಚಾಗಿ ಬಂದವು. ಹೊಲದ ದೇವತೆ ಮುನಿದಿದ್ದಾಳೆಂದು ಹಿರಿಯರು ಅಂದರು. ಕುರಿ ಬಿತ್ತು, ಇಲಿ ಹೋಗಲಿಲ್ಲ. ಏಳನೆಯ ಇಯತ್ತೆಗೆ ನನ್ನ ಶಾಲೆ ನಿಂತಿತು, ಹದಿನಾರಕ್ಕೆ ಬಸವಕಲ್ಯಾಣಕ್ಕೆ ಮದುವೆಯಾಗಿ ಬಂದೆ. ಇಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಒಂದೊಂದಾಗಿ ತಂದು, ತಿಳಿಯದ್ದನ್ನು ಮೂರು ಸಲ ಓದಿ, ಇಲಿ ತಿಂಗಳುಗಳಲ್ಲಿ ನೂರಾಗುತ್ತದೆ, ಗೂಬೆಯ ಜೋಡಿ ಒಂದು ಜಾಗಕ್ಕೆ ಮರಳಲು ವರ್ಷಗಳೇ ಬೇಕಾಗುತ್ತವೆ, ತಿನ್ನುವವರು ಸತ್ತ ಹೊಲದಲ್ಲಿ ಮೊದಲು ಹೆಚ್ಚುವುದು ಬೇಗ ಹಡೆಯುವ ಜೀವವೇ ಎಂದು ತಿಳಿದುಕೊಂಡೆ. ಪುಸ್ತಕಗಳ ಮಾತನ್ನೂ ನಾನು ಹಾಗೇ ಒಪ್ಪಿದವಳಲ್ಲ. ಎಂಬತ್ತರ ದಶಕದಲ್ಲಿ ನನ್ನ ಮಗಳು ಆಹಾರ ಸರಪಳಿಯ ಚಿತ್ರ ಬರೆಯುತ್ತಿದ್ದಳು: ಜೋಳ, ಇಲಿ, ಹಾವು, ಹದ್ದು, ನಡುನಡುವೆ ಬಾಣ. ತಿನ್ನುವವನು ಗುರಿಯಿಡುತ್ತಾನಲ್ಲ, ಬಾಣ ಅವನಿಂದ ಹೊರಡಬೇಕು ಎಂದು ನಾನು ತಕರಾರು ತೆಗೆದೆ. ಅವಳು ಹಣೆ ಚಚ್ಚಿಕೊಂಡು, ಬಾಣ ತೋರಿಸುವುದು ಅನ್ನ ಎತ್ತ ಹೋಗುತ್ತದೆ ಎಂಬುದನ್ನು, ತಿನ್ನಿಸಿಕೊಳ್ಳುವುದರಿಂದ ತಿನ್ನುವುದರ ಕಡೆಗೆ ಎಂದು ವಿವರಿಸಿದಳು. ಅಷ್ಟು ಮಾತ್ರ ನಾನು ಒಪ್ಪಿದೆ. ಆ ಬಾಣಗಳ ದಾರಿಯಲ್ಲೇ ಇಲಿಯಿಂದ ಬೆಕ್ಕಿಗೆ, ಗೂಬೆಗೆ, ಝರಣಮ್ಮನ ಅಂಗಳಕ್ಕೆ ಕಪ್ಪು ಪುಡಿ ನಡೆದು ಹೋಗಿದ್ದನ್ನು ನಾನು ಕಂಡಿದ್ದೆ.

"ಒಂದೇ ಸಾಲು ಯಾಕ? ಹಾವಿಗಿ ಮುಂಗಲಿ ತಿನ್ನಂಗಿಲ್ಲೇನು? ಇಲಿಗಿ ಗೂಗಿ? ಇದು ಸರಪಳಿ ಅಲ್ಲವ್ವಾ, ಮೀನ ಹಿಡಿಯೋ ಬಲಿ ಇದ್ದಂಗ. ಮತ್ತ ಮನುಷ್ಯಾ ಎಲ್ಲಿ?"

"ಮನುಷ್ಯಾ ಎಲ್ಲಾರಕಿಂತ ತುದಿಗಿ ಇರ್ತಾನವ್ವಾ."

"ಇಲಿಯಿಂದ ಒಂದು ಬಾಣ ಎಳಿ, ಅಲ್ಲಿ ಒಬ್ಬಾಕಿ ಹೆಣ್ಣಮಗಳಿಗಿ ಬರಿ."

"ಹಂಗ ಬರದ್ರ ನಮ್ಮ ಶಾಲಿ ಬಾಯಿಯೋರು ಸೊನ್ನಿ ಕೊಡ್ತಾರ. ನೀ ಸುಮ್ಮ ರೊಟ್ಟಿ ಬಡಿ ಹೋಗು."

ಆ ದಿನಗಳಲ್ಲೇ ಒಮ್ಮೆ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ತವರೂರಿನ ಬಸ್ಸು ವಿಚಾರಿಸುತ್ತಿದ್ದಾಗ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನನ್ನನ್ನು ದಿಟ್ಟಿಸಿ ನೋಡಿ ಹತ್ತಿರ ಬಂದಳು. "ನೀವು ಆ ಕಲ್ಲಿನ ವಾಡೇದ ಸಣ್ಣವ್ವಾರಲ್ರಿ? ನಾ ಮುಕ್ತಾ, ಝರಣಮ್ಮನ ಮೊಮ್ಮಗಳು." ಹತ್ತಿರದ ಹುಡಗಿ ಎಂಬ ಊರಿನ ಸಣ್ಣ ಮಕ್ಕಳ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳಂತೆ. ಅಜ್ಜಿ ಖಡಿಯ ಕೆಲಸದಲ್ಲಿದ್ದಾಗಲೇ ಹೋದಳೆಂದು ಹೇಳಿ, ನಾನು ತಲೆ ತಗ್ಗಿಸಿದ್ದನ್ನು ದುಃಖವೆಂದು ತಿಳಿದು ನನ್ನನ್ನೇ ಸಮಾಧಾನಪಡಿಸಿದಳು. "ನಮ್ಮಜ್ಜಿ ನಿಮಗ ಭಾಳ ನೆನಸ್ತಿದ್ಳ್ರಿ. ಕೆಲಸದ ಮಂದಿ ನಿಮ್ಮ ಮನಿತನಕ್ಕ ಬೈದ್ರ ಬೈಗೊಡ್ತಿರಲಿಲ್ಲ. ಆ ಕೂಸು ಸುಳ್ಳು ಹೇಳಂಗಿಲ್ಲ, ಕಾಗದದಾಗೇ ಬರದಿರಲಿಲ್ಲ, ಅವರರೆ ಏನು ಮಾಡ್ತಾರ ಅಂತಿದ್ಳು."

"ಇತ್ತು ಮುಕ್ತಾ," ಎಂದೆ. ಇಪ್ಪತ್ತು ವರ್ಷಕ್ಕೂ ಮೀರಿ ಒಳಗಿಟ್ಟುಕೊಂಡದ್ದು ಬಸ್ಸುಗಳ ಗದ್ದಲದಲ್ಲಿ ಬಹಳ ಸಣ್ಣದಾಗಿ ಹೊರಬಂತು. "ಬರದಿತ್ತು. ನಾ ಓದಲಿಲ್ಲ. ಆಮ್ಯಾಲ ಕೇಳ್ದಾಗ ಇಲ್ಲ ಅಂದೆ."

ಅವಳು ಕೈಚೀಲವನ್ನು ಕೆಳಗಿಟ್ಟಳು. ಆಮೇಲೆ, "ಭಾಳ ಇತ್ತೇನ್ರಿ ಓದಾಕ?" ಎಂದು ಕೇಳಿದಳು.

"ಒಂದ್ ಸಾಲು."

"ಇದು ನಮ್ಮಜ್ಜಿ ಮುಂದ ಹೇಳಬೇಕಾಗಿತ್ರಿ. ಆಕಿಗಿ ಹೊಟ್ಟಿಗಿ ಕಾಳು ಸಿಗತಿತ್ತು. ಈಗ ನನಗ ಹೇಳಿದ್ರ ನಿಮ್ಮ ಮನಸ್ಸು ಹಗರಾಗತದ, ನಾ ಇದಕ್ಕ ಎಲ್ಲಿ ಇಟ್ಕೊಳ್ಳಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಜಾಗ ಹುಡುಕುವವಳಂತೆ ಕೇಳಿದಳು. ಹುಡಗಿ ಊರಿನ ಬಸ್ಸು ಬಂತು. ಬರುತ್ತೇನೆಂದು ಹೇಳದೆ ಹತ್ತಿದಳು. ಕಿಟಕಿಯ ಪಕ್ಕದಲ್ಲೇ ಕೂತರೂ ಈ ಕಡೆ ನೋಡಲಿಲ್ಲ.

ವಾಡೆಯ ಕಲ್ಲುಗಳನ್ನು ಆಮೇಲೆ ಹೊಸ ಮನೆಗಳ ತಳಪಾಯಕ್ಕೆ ಒಯ್ದರು. ಬುರುಜು ಒಂದು ಮಳೆಗಾಲದಲ್ಲಿ ತಾನಾಗಿ ಕುಸಿಯಿತು. ಮುತ್ಯಾ ಸಾಯುವಾಗಲೂ ನನ್ನ ಓದಿನ ಬಗ್ಗೆ ಹೆಮ್ಮೆಯಿಂದಲೇ ಇದ್ದ. ಅವನಿಗೆ ನಾನು ಹೇಳಲಿಲ್ಲ. ತವರಿನವರು ಕೂಡಿದಾಗ ಆ ವರ್ಷದ ಮಾತು ಬಂದರೆ, ಪಾಪ, ಕಾಗದದಲ್ಲಿ ಬರೆದಿರಲಿಲ್ಲ ಎಂದು ಈಗಲೂ ಅನ್ನುತ್ತಾರೆ. ಹಾಗೆ ಅನ್ನುವವರು ಇನ್ನಿಬ್ಬರೋ ಮೂವರೋ ಉಳಿದಿದ್ದಾರೆ. ಬೇರೆಯವರು ಹೇಳಿದ ಎಷ್ಟೋ ಕಥೆಗಳನ್ನು ಜೀವಮಾನವಿಡೀ ಅನುಮಾನಿಸುತ್ತ ಬಂದೆ. ಇದೊಂದನ್ನು, ಹುಟ್ಟಿಸಿದವಳು ನಾನೇ ಆದ್ದರಿಂದ, ಯಾರ ಎದುರಿಗೂ ಪ್ರಶ್ನಿಸದೆ ಕೇಳಿಸಿಕೊಂಡು ಕೂತಿದ್ದೇನೆ. ಅವರೆಲ್ಲ ಹೋದ ಮೇಲೆ ಝರಣಮ್ಮ ಎಂಬವಳಿದ್ದಳೆಂದು ನೆನೆಯುವವರೂ ಇರುವುದಿಲ್ಲ, ಸುಳ್ಳನ್ನು ಸುಳ್ಳೆನ್ನುವವರೂ ಇರುವುದಿಲ್ಲ. ಅದಕ್ಕೆ ಮೊದಲು ಇಷ್ಟನ್ನು ಬರೆದಿಡುತ್ತಿದ್ದೇನೆ. ಕಾಗದದಲ್ಲಿ ಅವಳ ಸುದ್ದಿ ಇತ್ತು.